ಬಲರೆಕ್ಕೆಗೆ ಬಣ್ಣ

ಹೊಳೆಯುವ ವಸ್ತುಗಳನ್ನು ಕಂಡರೆ ನನಗಾಗದು ಎಂದು ಎರಡು ವರ್ಷ ಜಯನಗರದಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅದು ಶುದ್ಧ ಸುಳ್ಳು. ನನ್ನ ಷೂ ನೋಡಿದ ಯಾರಿಗಾದರೂ ಅದು ಗೊತ್ತಾಗಬೇಕಿತ್ತು. ದಿನಾ ಬೆಳಿಗ್ಗೆ ಅದರಲ್ಲಿ ಮುಖ ಕಾಣುವವರೆಗೆ ತಿಕ್ಕಿ, ಆಮೇಲೇ ಬಸ್ ಸ್ಟಾಪಿಗೆ ಹೊರಡುವವನು ನಾನು. ನಾನು ಹೊಳಪನ್ನು ವಿರೋಧಿಸಿದ್ದು ಒಂದೇ ಒಂದು ವಸ್ತುವಿನ ವಿಷಯದಲ್ಲಿ. ಆ ವಸ್ತು ಒಂದು ವಿಮಾನ.

ವಿಮಾನ ಎಂದೊಡನೆ ನೀವು ತಲೆಯೆತ್ತಿ ಆಕಾಶ ನೋಡಬೇಡಿ. ಇದು ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ, ತಗಡಿನ ಶೆಡ್ಡಿನೊಳಗೆ, ನಾನೂ ನನ್ನ ಗೆಳೆಯ ನಂಜುಂಡನೂ ಭಾನುವಾರಗಳಂದು ಕಟ್ಟುತ್ತಿದ್ದ, ಇಬ್ಬರು ಕೂರುವಷ್ಟು ಪುಟ್ಟ ವಿಮಾನ. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿದ್ದವು. ನಾವಿಬ್ಬರೂ ವಿಮಾನದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆವು. ಅವನು ತಗಡಿಗೆ ತಗಡು ಸೇರಿಸುವ ರಿವೆಟ್ ಮೊಳೆ ಹೊಡೆಯುವ ಫಿಟ್ಟರ್, ನಾನು ನಕ್ಷೆ ಬರೆಯುವವನು. ಅಂದರೆ ವಿಮಾನ ಹೇಗಿರಬೇಕೆಂಬುದು ನನಗೆ ಗೊತ್ತಿತ್ತು, ಅದನ್ನು ಮಾಡುವುದು ಅವನಿಗೆ ಗೊತ್ತಿತ್ತು. ಈ ವ್ಯತ್ಯಾಸ ನನ್ನ ತಲೆಗೆ ಹೋಗದ್ದರಿಂದ, “ಎಡರೆಕ್ಕೆ ನಿಂದು, ಬಲರೆಕ್ಕೆ ನಂದು” ಎಂದು ನಾನೇ ಪಾಲು ಮಾಡಿದೆ.

ತಗಡು ಹೊದಿಸುವ ಕೆಲಸ ಶುರುವಾದ ದಿನದಿಂದಲೇ ವಾದವೂ ಶುರುವಾಯಿತು. ಅಲ್ಯೂಮಿನಿಯಂ ಮೈಯನ್ನು ಹಾಗೇ ತಿಕ್ಕಿ ಪಾಲಿಶ್ ಮಾಡುವುದೋ, ಬಣ್ಣ ಬಳಿಯುವುದೋ? ನಂಜುಂಡ ಪಾಲಿಶ್ ಪಕ್ಷ. ಅವನ ವಾದ ಚಿಕ್ಕದು: “ಅಷ್ಟು ಬಣ್ಣ ಅಂದ್ರೆ ಒಂದು ಮಗೂನ ತೂಕ ಕಣೋ. ಸುಮ್ಸುಮ್ನೆ ಒಂದು ಮಗೂನ ಹೊತ್ಕೊಂಡು ಯಾಕೆ ಹಾರ್ಬೇಕು?”

ನನ್ನ ವಾದ ಚಿಕ್ಕದಿರಲಿಲ್ಲ. ಒಂದು ಕಾಲದಲ್ಲಿ ಅಲ್ಯೂಮಿನಿಯಂ ಚಿನ್ನಕ್ಕಿಂತ ದುಬಾರಿಯಾಗಿತ್ತು, ರಾಜಮಹಾರಾಜರು ಅದರ ತಟ್ಟೆಯಲ್ಲಿ ಉಣ್ಣುತ್ತಿದ್ದರು ಎಂಬಲ್ಲಿಂದ ನಾನು ಆರಂಭಿಸುತ್ತಿದ್ದೆ. ಗಾಳಿಗೆ ಬಿಟ್ಟರೆ ಆ ಲೋಹ ತಾನಾಗಿಯೇ ಮೈಮೇಲೊಂದು ತೆಳುಪದರ ಹೊದ್ದುಕೊಳ್ಳುತ್ತದೆ. ಲೋಹಕ್ಕೇ ಇರುವ ಸಂಕೋಚ ನಮಗೆ ಬೇಡವೇ ಎನ್ನುತ್ತಿದ್ದೆ. ಗೌರಿಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಸುವುದೇಕೆ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದೇಕೆ, ಆಂಜನೇಯನಿಗೆ ಬೆಣ್ಣೆ ಮೆತ್ತುವುದೇಕೆ ಎಂದು ಕೇಳುತ್ತಿದ್ದೆ. ಬರಿಗಲ್ಲು ಪೂಜೆಗೆ ಸಾಲದೆಂಬುದು ನಮ್ಮ ಸಂಸ್ಕೃತಿಯ ಸಾರ ಎಂದು ಒಂದು ಭಾನುವಾರ ನಾನು ಘೋಷಿಸಿದಾಗ, ನಂಜುಂಡ ಬಾಯಲ್ಲಿದ್ದ ರಿವೆಟ್ಟುಗಳನ್ನು ಉಗಿದು ನಕ್ಕ.

ಪಕ್ಕದ ಸಾರಕ್ಕಿ ಹಳ್ಳಿಯ ಮುನಿಯಪ್ಪ ನನ್ನ ಪಕ್ಷಕ್ಕೆ ಬಂದದ್ದು ಅನಿರೀಕ್ಷಿತ. ಆತ ದಿನಾ ತರಕಾರಿ ಗಾಡಿ ಹೊಡೆದುಕೊಂಡು ನಮ್ಮ ರಸ್ತೆಯಲ್ಲೇ ಹೋಗುತ್ತಿದ್ದ. ನಂಜುಂಡ ಹಟಕ್ಕೆ ಬಿದ್ದು ವಿಮಾನದ ಒಂದು ಪಕ್ಕೆಯನ್ನು ನನ್ನ ಹಳೇ ಪಂಚೆಯಲ್ಲಿ ಕನ್ನಡಿಯಾಗುವಷ್ಟು ತಿಕ್ಕಿ, ಶೆಡ್ಡಿನ ಬಾಗಿಲು ತೆರೆದಿಟ್ಟಿದ್ದ. ಮುನಿಯಪ್ಪನ ಎತ್ತು ಅದರೊಳಗೆ ಇನ್ನೊಂದು ಎತ್ತನ್ನು ಕಂಡು, ಗಾಡಿ ಸಮೇತ ಎದುರಿನ ಸೈಟಿಗೆ ನುಗ್ಗಿತು.

“ಸ್ವಾಮಿ, ನಮ್ಮೆತ್ತು ಈ ದಾರೀಲಿ ಬರಾಕಿಲ್ಲ ಅಂತೈತೆ,” ಎಂದ ಮುನಿಯಪ್ಪ ಮಾರನೆಯ ದಿನ. “ಅದಕ್ಕೆ ಒಂದೀಟು ಸುಣ್ಣನಾದ್ರೂ ಹೊಡೀರಿ.”

ಈ ಸಾಕ್ಷ್ಯವನ್ನು ನಾನು ಆರು ತಿಂಗಳು ಬಳಸಿಕೊಂಡೆ.

ನನ್ನ ಹೆಂಡತಿ ಕಮಲಳಿಗೆ ಮಾತ್ರ ಏನೋ ಅನುಮಾನ. ಅವಳು ಕೆಲಸದ ನಡುವೆ ಶೆಡ್ಡಿಗೆ ಬಂದರೆ ನಂಜುಂಡನ ಎಡರೆಕ್ಕೆಯ ಮುಂದೆ ನಿಂತು ಕುಂಕುಮ ಸರಿಮಾಡಿಕೊಳ್ಳುತ್ತಿದ್ದಳು. ಒಮ್ಮೆ ನನ್ನ ರೆಕ್ಕೆಯ ಮುಂದೆಯೂ ನಿಂತಳು. “ರೀ, ಇದ್ರಲ್ಲಿ ನಂಗೆ ಎರಡು ಗದ್ದ ಕಾಣತ್ತೆ,” ಎಂದಳು. ಹೌದು, ನನ್ನ ಸುತ್ತಿಗೆ ಏಟಿಗೆ ತಗಡು ಅಲ್ಲಲ್ಲಿ ಅಪ್ಪಚ್ಚಿಯಾಗಿ, ಅಲ್ಲಲ್ಲಿ ಉಬ್ಬಿತ್ತು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ತಗಡು ಸೊಟ್ಟಗಿದ್ದ ಮಾತ್ರಕ್ಕೆ ವಿಮಾನ ಬೀಳುವುದಿಲ್ಲ. ಆದರೆ ನನ್ನ ರೆಕ್ಕೆಯ ಬುಡದಲ್ಲಿ, ಅದು ವಿಮಾನದ ಮೈಗೆ ಸೇರುವ ಕಡೆ, ತಗಡು ಹೊದಿಸಿದ ಮೊದಲ ದಿನವೇ ಡ್ರಿಲ್ ಜಾರಿ ಮೂರು ತೂತುಗಳು ಕೂಡಿಕೊಂಡು ಸೀಳಾಗಿದ್ದವು. ರಿವೆಟ್ ಅಲ್ಲಿ ಹಿಡಿಯುತ್ತಿರಲಿಲ್ಲ. ನಂಜುಂಡ ಟೀ ಕುಡಿಯಲು ಹೋಗಿದ್ದಾಗ ಆ ಸೀಳಿಗೆ ಮರಗೆಲಸದವರ ಪುಟ್ಟಿ ಮೆತ್ತಿ, ಅದರ ಮೇಲೆ ಮೂರು ರಿವೆಟ್ಟಿನ ತಲೆಗಳನ್ನು ಅಂಟಿಸಿ, ಉಜ್ಜಿ ನುಣುಪು ಮಾಡಿಬಿಟ್ಟೆ. ಪುಟ್ಟಿ ಎಷ್ಟು ತಿಕ್ಕಿದರೂ ಹೊಳೆಯುವುದಿಲ್ಲ. ಬಣ್ಣದ ಕೆಳಗಾದರೆ ಅದು ದೇವರಿಗೂ ಕಾಣುವುದಿಲ್ಲ. ನನ್ನ ಪಾಂಡಿತ್ಯವೆಲ್ಲ ಹುಟ್ಟಿದ್ದು ಆ ಮೂರು ತೂತುಗಳಿಂದ.

ವಿಮಾನ ಹಾರಿಸುವ ಲೈಸೆನ್ಸ್ ಇದ್ದದ್ದು ನಂಜುಂಡನಿಗೆ. ಆ ರೆಕ್ಕೆಯನ್ನು ನಂಬಿ ಮೇಲೆ ಹೋಗಬೇಕಾದವನು ಅವನು. ನಾನು ಅಷ್ಟು ಕೆಟ್ಟವನಲ್ಲ ಎಂದು ನೀವು ನಂಬಬೇಕು. ನಾಳೆ ಹೇಳಿಬಿಡೋಣ ಎಂದು ಪ್ರತಿ ಶನಿವಾರ ನಿಶ್ಚಯಿಸುತ್ತಿದ್ದೆ. ಭಾನುವಾರ ಅವನ ಮುಖ ಕಂಡೊಡನೆ ಅಲ್ಯೂಮಿನಿಯಂ ಚರಿತ್ರೆ ಹೇಳುತ್ತಿದ್ದೆ.

ಕೊನೆಗೆ ಅವನೇ ಸೋತ. “ಆಯ್ತಪ್ಪ, ನಿನ್ನ ಬಾಯಿ ತಡ್ಕೊಳೋಕೆ ಆಗಲ್ಲ. ಬಣ್ಣಾನೇ ಹೊಡಿ,” ಎಂದು ಡಬ್ಬ ತಂದಿಟ್ಟ. ನಾನು ಕೆನೆ ಬಣ್ಣ ಕಲಸಿ, ಬ್ರಷ್ ಅದ್ದಿ, ಬೇರೆಲ್ಲ ಬಿಟ್ಟು ನೇರವಾಗಿ ಬಲರೆಕ್ಕೆಯ ಬುಡಕ್ಕೇ ಹೋದೆ. ಆಗ ಅವನು ಬೆನ್ನ ಹಿಂದಿನಿಂದ ಹೇಳಿದ:

“ಮೊದಲನೇ ಸಲ ನಾನೊಬ್ಬನೇ ಹೋಗಲ್ಲ ಕಣೋ. ನೀನೂ ಬಾ. ಎಡಗಡೆ ಸೀಟು ನಂದು, ಬಲಗಡೇದು ನಿಂದು. ನಿನ್ನ ರೆಕ್ಕೆ ನಿನ್ನ ಪಕ್ಕದಲ್ಲೇ ಇರತ್ತೆ.”

ಬ್ರಷ್ ಗಾಳಿಯಲ್ಲೇ ನಿಂತಿತು. ಅಷ್ಟು ಕಾಲ ನಾಲಿಗೆಗೆ ಬಾರದಿದ್ದ ಮಾತು ಒಂದೇ ಉಸಿರಿಗೆ ಹೊರಬಂತು. ತೂತು, ಪುಟ್ಟಿ, ಅಂಟಿಸಿದ ತಲೆಗಳು, ಎಲ್ಲ ಹೇಳಿದೆ.

ನಂಜುಂಡ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಕ್ರೂಡ್ರೈವರಿನಿಂದ ಪುಟ್ಟಿ ಕೆರೆದು, ಸೀಳಿನೊಳಗೆ ಬೆರಳಿಟ್ಟು ಅದರ ಉದ್ದ ಅಳೆದ. ಅವನಿಗೂ ಮನೆಯಿದೆ, ಹೆಂಡತಿಯಿದ್ದಾಳೆ ಎಂಬುದು ಆಗ ಮೊದಲ ಬಾರಿಗೆ ಹೊಳೆದಂತೆ ನನಗೆ ಅಳು ಬಂತು. ನಾಚಿಕೆಯಿಂದ ಮುಖ ತಿರುಗಿಸಿಕೊಂಡೆ.

ಆ ಭಾಗದ ತಗಡನ್ನೆಲ್ಲ ಬಿಚ್ಚಿ ಹೊಸದು ಹೊದಿಸಲು ಮೂರು ಭಾನುವಾರ ಹಿಡಿಯಿತು. ರಿವೆಟ್ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಹೊಡೆಯುವವನು, ಇನ್ನೊಬ್ಬ ಒಳಗಿನಿಂದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯುವವನು. ನಂಜುಂಡ ಹೊಡೆದ, ನಾನು ಬಾಯಿ ಮುಚ್ಚಿಕೊಂಡು ಹಿಡಿದೆ. ಮುಗಿದಾಗ ಆ ಜಾಗ ಎಷ್ಟು ಚೆಂದ ಕಂಡಿತೆಂದರೆ, ನಾನು ನಾಚಿಕೆಯಿಲ್ಲದೆ ಪಕ್ಷಾಂತರ ಮಾಡಿದೆ. “ಪಾಲಿಶ್ ಮಾಡಿಬಿಡೋಣ್ವೇನೋ?” ಎಂದೆ.

“ಬೇಡ, ಬಣ್ಣಾನೇ ಇರ್ಲಿ,” ಎಂದ ನಂಜುಂಡ. “ಇಲ್ಲೊಂದೇ ಕಡೆ ಸರಿ ಮಾಡಿರೋದು. ಮಿಕ್ಕಿದ್ದು ಸೊಟ್ಟಗೇ ಇದೆಯಲ್ಲ. ನಂಗೆ ಗೊತ್ತಿದ್ರೆ ಸಾಕು, ಊರಿಗೆಲ್ಲ ಯಾಕೆ ಕಾಣ್ಬೇಕು?”

ನನ್ನ ಮರ್ಯಾದೆಗಾಗಿ ಅವನು ಆ ಮಗುವಿನ ತೂಕವನ್ನೂ ಹೊತ್ತ. ವಿಮಾನವನ್ನು ಲಾರಿಯಲ್ಲಿ ಊರಾಚೆಯ ಮೈದಾನಕ್ಕೆ ಒಯ್ದು ರೆಕ್ಕೆ ಜೋಡಿಸಿದೆವು. ಒಂದು ಭಾನುವಾರ ಬೆಳಿಗ್ಗೆ ಅದು ನಿಜವಾಗಿಯೂ ಹಾರಿತು. ಲಾಲ್‌ಬಾಗು ಒಂದು ಹಸಿರು ಚಾಪೆಯಷ್ಟು ಕಂಡಿತಂತೆ. ನಾನು ನೋಡಿದ್ದು ಬಲರೆಕ್ಕೆಯ ಬುಡವನ್ನು ಮಾತ್ರ.

ಇಳಿದು ಮನೆಗೆ ಬಂದು ದೋಸೆಗೆ ಕೂತಾಗ ನಂಜುಂಡ ಕಮಲಳ ಮುಂದೆ ನನ್ನನ್ನು ಹೊಗಳತೊಡಗಿದ. “ಅತ್ತಿಗೆ, ಇಂಥ ಸ್ನೇಹಿತ ಸಿಗಲ್ಲ. ನನ್ನ ಪ್ರಾಣಕ್ಕೋಸ್ಕರ ತನ್ನ ಮರ್ಯಾದೆ ಬಿಟ್ಟು ತಪ್ಪು ಒಪ್ಕೊಂಡ.” ಕಮಲ ದೋಸೆ ಮಗುಚುವುದನ್ನು ಬಿಟ್ಟು ನನ್ನನ್ನೇ ನೋಡಿದಳು. ಹೊಗಳಿಕೆಯನ್ನು ಸುಮ್ಮನೆ ನುಂಗಬಹುದಿತ್ತು. ಅವತ್ತೇಕೋ ಗಂಟಲಲ್ಲಿ ಇಳಿಯಲಿಲ್ಲ.

“ನಿನ್ನ ಪ್ರಾಣಕ್ಕಲ್ಲ ಕಣೋ,” ಎಂದೆ. “ನಾನೂ ಕೂರ್ಬೇಕು ಅಂದ್ಯಲ್ಲ, ಅದಕ್ಕೇ ಹೇಳಿದ್ದು. ನೀನೊಬ್ಬನೇ ಹೋಗ್ತೀನಿ ಅಂದಿದ್ರೆ ಹೇಳ್ತಿದ್ನೋ ಇಲ್ವೋ, ನಂಗೊತ್ತಿಲ್ಲ.”

ನಂಜುಂಡ ಚಟ್ನಿ ಬಡಿಸಿಕೊಂಡ. “ಗೊತ್ತು ಬಿಡೋ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಯಾರ ರಿವೆಟ್ಟನ್ನೂ ನಾನು ಕಣ್ಣಲ್ಲಿ ನೋಡಿ ನಂಬಲ್ಲ. ಹೊಡೆದವನಿಗೇ ‘ಬಾ, ಪಕ್ಕದಲ್ಲಿ ಕೂತ್ಕೊ’ ಅಂತೀನಿ. ಕೂತ್ರೆ ಹಾರಿಸ್ತೀನಿ.”

“ಮತ್ತೆ ಇಷ್ಟೊತ್ತು ಹೊಗಳಿದ್ಯಾಕೆ?”

“ಅತ್ತಿಗೆ ಮುಂದೆ ನಿಂಗೂ ಒಂದು ಕೋಟ್ ಬಣ್ಣ ಹೊಡೆಯೋಣ ಅಂದ್ಕೊಂಡೆ,” ಎಂದ. “ನೀನೇ ಅದನ್ನ ಕೆರೆದು ಹಾಕ್ದೆ.”