ಹರಿದು ಕೊಡುವ ಹಾಳೆಗಳು

ನನ್ನ ತಮ್ಮ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಅವನ ಕಾಲೇಜಿನ ಪಾಲಕರ ಸಭೆಗೆ ನಾನು ಹೋಗಿದ್ದೆ. ಅಪ್ಪ ಇಲ್ಲ. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರಳು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ದುಡಿಯಲು ಬಂದ ಈ ತೆಲುಗರ ಊರಿನ ಬೇಗಂ ಬಜಾರಿನಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯೊಂದರಲ್ಲಿ ಪಾತ್ರೆ ಒರೆಸಿ, ಚೀಟಿ ಅಂಟಿಸಿ, ಚೀಲಕ್ಕೆ ತುಂಬುವುದು ನನ್ನ ಕೆಲಸ.

ಅವನ ಕಾಲೇಜಿನಲ್ಲಿ ಅಕೌಂಟ್ಸಿಗೆ ಒಂದು ವರ್ಕ್‌ಬುಕ್ ಇದೆ. ಲೆಕ್ಕಗಳನ್ನು ಅದರಲ್ಲಿಯೇ ಬಿಡಿಸಿ, ಚುಕ್ಕಿ ಗೆರೆಯ ಗುಂಟ ಹಾಳೆ ಹರಿದು ಕೊಡಬೇಕು. ಬೇರೆ ಕಾಗದದ ಮೇಲೆ ಬರೆದರೆ ಇಂಟರ್ನಲ್ ಮಾರ್ಕ್ಸ್ ಇಲ್ಲ. ಪಠ್ಯಪುಸ್ತಕವಾದರೆ ಮೇಲಿನ ಕ್ಲಾಸಿನ ಹುಡುಗರ ಹತ್ತಿರ ಹಳೆಯದು ಸಿಗುತ್ತದೆ, ಇಲ್ಲವೆ ಜೆರಾಕ್ಸ್ ಮಾಡಿಸಬಹುದು. ಇದು ಹಾಗಲ್ಲ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎರಡು ರಟ್ಟು ಮಾತ್ರ ಉಳಿದಿರುತ್ತವೆ, ನಡುವೆ ಒಂದಿಷ್ಟು ಅಂಟು. ಯಾರಿಗೂ ಕೊಡಲು ಬರುವುದಿಲ್ಲ. ಮತ್ತೆ ಹೊಸದು, ಅದೂ ಕಾಲೇಜಿನ ಒಳಗಿನ ಅಂಗಡಿಯಲ್ಲೇ, ಅವರು ಹೇಳಿದ ಬೆಲೆಗೆ.

ತಮ್ಮನೂ ಅವನ ಗೆಳೆಯರೂ ಕೇಳಿದ್ದು ಇಷ್ಟೇ, ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೂ ತೆಗೆದುಕೊಳ್ಳಿ ಎಂದು. ಹುಡುಗರ ಮಾತು ಬೇಡ, ಪಾಲಕರು ಸಭೆಯಲ್ಲಿ ಹೇಳಲಿ ಎಂದರಂತೆ ಪ್ರಿನ್ಸಿಪಾಲರು.

"ಅಕ್ಕಾ, ನೀ ಎದ್ದು ನಿಂತು ಒಂದ ಮಾತು ಹೇಳು, ಸಾಕು. ಉಳಿದವ್ರು ಹಿಂದಿಂದ ಹೇಳ್ತಾರ."

"ಯಾವ ಭಾಷಾದಾಗ ಹೇಳ್ಲೋ?"

"ನಿಮ್ಮ ಸೇಠ್‌ಜೀ ಜೋಡಿ ಜಗಳಾಡ್ತಿಯಲ್ಲ, ಅದ ಹಿಂದ್ಯಾಗ."

ಆ ದಿನ ಗೆಳತಿಯ ರೇಷ್ಮೆ ಸೀರೆ ಕೇಳಿ ಉಟ್ಟುಕೊಂಡು ಹೋದೆ. ಪಕ್ಕದ ಕುರ್ಚಿಯ ಹೆಂಗಸು ತೆಲುಗಿನಲ್ಲಿ ಮಾತಿಗೆಳೆದರು. ಇಸ್ತ್ರಿ ಮಾಡಿದ ಸೀರೆ, ಕಿವಿಯಲ್ಲಿ ಹರಳಿನ ಓಲೆ. ಎಲ್ಲಿ ಕೆಲಸ ಎಂದು ಕೇಳಿದರು. ಮಾದಾಪುರದಲ್ಲಿ, ಆಫೀಸಿನಲ್ಲಿ ಎಂದುಬಿಟ್ಟೆ. ಯಾಕೆ ಹಾಗೆ ಅಂದೆನೋ ಇವತ್ತಿಗೂ ತಿಳಿಯದು. ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳಿರುವ ಆ ಮಾದಾಪುರವನ್ನು ನಾನು ಸರಿಯಾಗಿ ನೋಡಿದ್ದೂ ಇಲ್ಲ. ಆಮೇಲೆ ಅವರು ನನ್ನನ್ನು ಮೇಡಂ ಎಂದು ಕರೆಯತೊಡಗಿದರು. ಕೇಳಲು ಹಿತವಾಗಿತ್ತು.

ಸಭೆಯ ಕೊನೆಗೆ ಅಕೌಂಟ್ಸ್ ಮೇಡಂ ಎದ್ದರು. ಪುಸ್ತಕಗಳ ವಿಷಯದಲ್ಲಿ ಯಾರಿಗಾದರೂ ತೊಂದರೆ ಇದ್ದರೆ ಹೇಳಿ ಎಂದು ಹಿಂದಿಯಲ್ಲಿ ಕೇಳಿ, ನೇರ ನನ್ನ ಕಡೆಯೇ ನೋಡಿದರು. "ಆಪ್ ಬೋಲಿಯೇ."

ಎದ್ದೆ. ಸಾದಾ ಕಾಗದದ ಮಾತನ್ನು ಬಸ್ಸಿನ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡು ಬಂದಿದ್ದೆ. ಪಕ್ಕದ ಹೆಂಗಸು ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. ಮಾದಾಪುರದ ಆಫೀಸಿನವಳು ಒಂದು ಪುಸ್ತಕ ಕೊಡಿಸಲಾರೆ ಎಂದು ಹೇಗೆ ಹೇಳುವುದು?

"ಕುಛ್ ತಕ್ಲೀಫ್ ನಹೀಂ ಮೇಡಂ," ಎಂದು ಕೂತೆ.

ಮೇಡಂ ಇನ್ನೊಮ್ಮೆ ನನ್ನನ್ನು ನೋಡಿ, ಉಳಿದ ಕುರ್ಚಿಗಳ ಕಡೆ ತಿರುಗಿದರು. ಮತ್ತೆ ಯಾರೂ ಏಳಲಿಲ್ಲ. ಪ್ರಿನ್ಸಿಪಾಲರು ಎಲ್ಲರಿಗೂ ಧನ್ಯವಾದ ಹೇಳಿ ಚಹಾಕ್ಕೆ ಕರೆದರು.

ಮೆಟ್ಟಿಲಿಳಿಯುವಾಗ ಆ ಹೆಂಗಸು ದನಿ ತಗ್ಗಿಸಿ ಹೇಳಿದರು. ಅವರ ಇಬ್ಬರು ಮಕ್ಕಳೂ ಅಲ್ಲಿಯೇ ಓದುತ್ತಿದ್ದಾರೆ, ವರ್ಕ್‌ಬುಕ್ಕಿನ ಖರ್ಚಿನ ಭಾರ ತಡೆಯಲಾಗುತ್ತಿಲ್ಲ, ಹೇಳಬೇಕೆಂದೇ ಬಂದಿದ್ದರಂತೆ. "ನಿಮ್ಮಂಥವರೇ ತೊಂದರೆ ಇಲ್ಲ ಎಂದಮೇಲೆ ನಾನು ಹೇಗೆ ಬಾಯಿ ತೆಗೆಯಲಿ ಮೇಡಂ?" ನಾನು ಸೆರಗು ಸರಿಮಾಡಿಕೊಂಡು ಇಳಿದೆ.

ಗೇಟಿನ ಹತ್ತಿರ ತಮ್ಮ ಗೆಳೆಯರೊಂದಿಗೆ ಕಾಯುತ್ತಿದ್ದ. ನನ್ನ ಮುಖ ನೋಡಿದವನೇ ಒಬ್ಬನೇ ಮುಂದೆ ಬಂದ.

"ಅಂಜಿದ್ಯಾ?"

"ಹೂಂ."

"ಇರ್ಲಿ ಬಿಡು. ಅಲ್ಲಿ ನನಗೂ ಅಂಜಿಕಿ ಬರ್ತೈತಿ."

ಗೆಳೆಯರಿಗೆ ಅವನೇ ಏನೋ ಸಮಜಾಯಿಷಿ ಹೇಳಿದ. ನನಗೆ ಲಿಂಬೂ ಸೋಡಾ ಕೊಡಿಸಿದ. ಕುಡಿದೆ. ಆಗಲೇ ನಿಜ ಹೇಳಬಹುದಿತ್ತು. ಅಂಜಿದವಳು ಅನ್ನಿಸಿಕೊಳ್ಳುವುದೇ ಸುಲಭವೆನಿಸಿತು.

ಮುಂದಿನ ಸೆಮಿಸ್ಟರಿಗೂ ವರ್ಕ್‌ಬುಕ್ ಬಂತು, ಅದರ ಮುಂದಿನದಕ್ಕೂ. ಪ್ರತಿ ಸಲ ಅವನು ಅಡಿಪಟ್ಟಿ ಒತ್ತಿಟ್ಟು ಹಾಳೆ ಹರಿಯುವ ಸಪ್ಪಳಕ್ಕೆ ನಾನು ಏನಾದರೂ ನೆಪ ಹುಡುಕಿ ಅಡುಗೆಮನೆಗೆ ಹೋಗುತ್ತಿದ್ದೆ. ಹೀಗೆ ಹೋಗಿ ಹೋಗಿ ಸಾಕಾಯಿತು. ಮೊನ್ನೆ ಹೋಗಲಿಲ್ಲ. ಅಲ್ಲಿಯೇ ಕೂತು ಮಾದಾಪುರದ ಮಾತನ್ನೆಲ್ಲ ಹೇಳಿದೆ.

ಅವನು ಹರಿದ ಹಾಳೆಯನ್ನು ಅಡಿಪಟ್ಟಿಯ ಕೆಳಗೆ ಇಟ್ಟ.

"ನಮ್ಮಕ್ಕ ಪಾತ್ರಿ ಅಂಗಡ್ಯಾಗ ದುಡಿತಾಳ, ಅಕಿನ ನನ್ನ ಓದಸಾಕತ್ತಾಳ ಅಂತ ನಿನ್ನ ತೋರಿಸಿ ಅಕೌಂಟ್ಸ್ ಮೇಡಂಗ ನಾ ಮೊದಲ ಹೇಳಿದ್ದೆ. ಅದಕ್ಕ ಅವ್ರು ನಿನ್ನ ಎಬ್ಬಿಸಿದ್ದು. ಈ ಹರಿಯೂ ಹಾಳಿ ಅವ್ರಿಗೂ ಬ್ಯಾಡಾಗಿತ್ತು. ಒಬ್ಬರು ಪಾಲಕರು ಬಾಯಿ ಬಿಟ್ಟಿದ್ರ ಭಾಳ ಆಗ್ತಿತ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿದವನ ಹಾಗೆ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು.

"ಈ ಸಲ ಬರ್ತೀನೋ. ಅಂಗಡಿಯಿಂದನ ಬರ್ತೀನಿ, ಇದ್ದಂಗ."

"ಈ ವರ್ಷ ಸಭಾ ಇಲ್ಲಕ್ಕ," ಎಂದ. "ಪಾಲಕರದು ತಕರಾರು ಏನೂ ಇಲ್ಲ ಅಂತ ತಗದುಬಿಟ್ಟಾರ."