ಹತ್ತರಲ್ಲಿ ಆರು ಪಾಲು

ರಾಯಚೂರು ಕಡೆಯಿಂದ ಬಂದ ಅಮೀನಪ್ಪ ರಾಜಾಜಿನಗರದಲ್ಲಿ ಭೈರೇಶನ ಕಾರ್ಖಾನೆಯ ಪ್ರೆಸ್ಸಿನಲ್ಲಿ ಸ್ಟೀಲ್ ಮುಚ್ಚಳ ಒತ್ತುತ್ತಿದ್ದ. ಒಂದು ದಿನ ಲೋಹದ ಚೂರು ಸಿಡಿದು ಎಡಗಣ್ಣು ಹೋಯಿತು. ಭೈರೇಶ ಅವನನ್ನು ಊರಿಗೆ ಕಳಿಸದೆ ಮುಚ್ಚಳ ಪರೀಕ್ಷಿಸುವ ಮೇಜಿಗೆ ಹಾಕಿದ. ಅದು ತನ್ನ ದೊಡ್ಡ ಉಪಕಾರವೆಂದು ಆಗಾಗ ನೆನಪಿಸುತ್ತಲೂ ಇದ್ದ.

ಒಂದು ಮಿಲಿಮೀಟರಿಗಿಂತ ಆಳದ ತಗ್ಗಿದ್ದರೆ ಮುಚ್ಚಳ ರಿಜೆಕ್ಟ್. ಒಂಟಿ ಕಣ್ಣಿಗೆ ಆಳ ಸುಲಭಕ್ಕೆ ತಿಳಿಯದು. ತಲೆಯನ್ನು ಅತ್ತಿತ್ತ ಸರಿಸಿ, ಮುಚ್ಚಳವನ್ನು ಬೆಳಕಿಗೆ ಹೊರಳಿಸಿ, ಹೆಬ್ಬೆರಳಲ್ಲಿ ಸವರಿ ನಿರ್ಧರಿಸುವುದನ್ನು ಅಮೀನಪ್ಪ ಕಲಿತ. ಹನ್ನೊಂದು ವರ್ಷದಲ್ಲಿ ಅವನು ಪಾಸ್ ಮಾಡಿದ ಮಾಲು ವಾಪಸ್ ಬಂದದ್ದು ಅಪರೂಪ.

೨೦೦೬ರಲ್ಲಿ ಜಲಜಾ ಎಂಬ ಇಂಜಿನಿಯರ್ ಬಂದು ಮೇಜಿನ ಮೇಲೆ ಎರಡು ಕ್ಯಾಮೆರಾ ಜೋಡಿಸಿದಳು. ಒಂದೇ ಚುಕ್ಕೆ ಎರಡು ಚಿತ್ರಗಳಲ್ಲಿ ಎಷ್ಟು ಸರಿದು ಕಾಣುತ್ತದೆಯೋ ಅದರಿಂದ ಆಳದ ಲೆಕ್ಕ ಹಾಕುವ ಯಂತ್ರ. ಆದರೆ ಹೊಳೆಯುವ ಸ್ಟೀಲಿನಲ್ಲಿ ಯಾವ ಚುಕ್ಕೆಗೆ ಯಾವುದು ಜೋಡಿ ಎಂಬುದೇ ಗೊಂದಲ. ಹಾಗಾಗಿ ಅದು ಒಂದೇ ಉತ್ತರ ಕೊಡದೆ, ಯಾವ ಆಳಕ್ಕೆ ಎಷ್ಟು ಸಂಭವ ಎಂದು ಪರದೆಯ ಮೇಲೆ ತೋರಿಸುತ್ತಿತ್ತು. ಆ ಲೆಕ್ಕವನ್ನು ತಿದ್ದಲು ಅವಳಿಗೆ ಅಮೀನಪ್ಪನ ತೀರ್ಪು ಬೇಕಾಯಿತು. ಅವನು ಎರಡು ವಾರ ಕೂತು ಆರುನೂರು ಮುಚ್ಚಳ ನೋಡಿಕೊಟ್ಟ.

"ಇದು ಪಕ್ಕಾ ಗೊತ್ತಾಗವಲ್ದ್ರಿ ಮೇಡಂ. ಹತ್ತರಾಗ ಆರು ಪಾಲು ರಿಜೆಕ್ಟ್ ಅನ್ನಿಸ್ತದ."

"ಹೀಗೇ ಇದ್ದಿದ್ದು ಇದ್ದಂಗೆ ಹೇಳಿ. ನಂಗೆ ಬೇಕಾಗಿರೋದೂ ಅದೇ," ಎಂದು ಜಲಜಾ ಪುಸ್ತಕದಲ್ಲಿ ಬರೆದುಕೊಂಡಳು.

ಯಂತ್ರ ಒಪ್ಪಿಸುವ ದಿನ ಅವಳು ಆ ಪುಸ್ತಕವನ್ನು ಹೆಮ್ಮೆಯಿಂದ ಭೈರೇಶನ ಮುಂದಿಟ್ಟಳು. ಓದುತ್ತ ಓದುತ್ತ ಅವನ ಮುಖ ಬಿಗಿಯಿತು.

"ಏನಯ್ಯಾ, ಇಷ್ಟು ವರ್ಷ ಅಂದಾಜಲ್ಲೇ ಪಾಸ್ ಮಾಡ್ತಿದ್ಯಾ?"

ಅಮೀನಪ್ಪ ಪರದೆ ತೋರಿಸಿದ. "ಮಷೀನೂ ಅರವತ್ತು ಪರ್ಸೆಂಟ್ ಅಂತದಲ್ರಿ ಸಾಹೇಬ್ರ."

"ಅದು ಕಂಪ್ಯೂಟರ್ ಲೆಕ್ಕ ಕಣಯ್ಯಾ. ನಿಂದು ಡೌಟು."

ಕಂಪ್ಯೂಟರಿನ ಲೆಕ್ಕ ನಿಂತದ್ದೇ ಅಮೀನಪ್ಪನ ಮಾತಿನ ಮೇಲೆ. ಜಲಜಾಗೆ ಅದು ಗೊತ್ತಿತ್ತು. ಆದರೆ ಕಾಗದಕ್ಕೆ ಭೈರೇಶನ ಸಹಿ ಇನ್ನೂ ಬಿದ್ದಿರಲಿಲ್ಲ. ಅವಳು ವೈರು ಸುತ್ತತೊಡಗಿದಳು. ಸೋಮವಾರದಿಂದ ಬರುವುದು ಬೇಡ ಎಂದು ಭೈರೇಶ ಅಮೀನಪ್ಪನಿಗೆ ಅಲ್ಲೇ ಹೇಳಿಬಿಟ್ಟ.

"ಗೊತ್ತದ ಅಂದಿದ್ರ ಏನ್ ಗಂಟು ಹೋಗ್ತಿತ್ತು ನಿಂದು?" ಎಂದು ಬಾಪೂಜಿ ನಗರದ ಮನೆಯಲ್ಲಿ ಹೆಂಡತಿ ಹನುಮವ್ವ ಕೇಳಿದಳು.

"ಆಕಿ ಇದ್ದದ್ದು ಹೇಳ್ರಿ ಅಂದ್ಲು," ಎಂದ.

ಮೂರು ತಿಂಗಳ ಮೇಲೆ ಕಾಮಾಕ್ಷಿಪಾಳ್ಯದ ಶೆಡ್ಡೊಂದರಲ್ಲಿ ತಟ್ಟೆ ಪರೀಕ್ಷಿಸುವ ಕೆಲಸ ಸಿಕ್ಕಿತು. ಸೂಪರ್‌ವೈಸರ್ ತಟ್ಟೆ ಎತ್ತಿ "ಇದು?" ಅಂದರೆ ಅಮೀನಪ್ಪ ತಲೆಯನ್ನೂ ಎತ್ತುತ್ತಿರಲಿಲ್ಲ. "ಪಾಸ್ ಸಾರ್," ಅಂದುಬಿಡುತ್ತಿದ್ದ. ಕೆಲಸ ಗೊತ್ತಿರುವ ಮನುಷ್ಯ ಎಂದು ಅಲ್ಲಿ ಎಲ್ಲರೂ ಹೊಗಳಿದರು.