ಹುತ್ತದ ಚೆಕ್ಕುಬಂದಿ

ಅಣಬೆಯ ವಿಷಯದಲ್ಲಿ ನನಗೆ ಎರಡು ಸಲ ಮುಖಭಂಗವಾಗಿದೆ. ಮೊದಲನೆಯದು ಶಿಕಾರಿಪುರದ ನಮ್ಮ ಬಚ್ಚಲಲ್ಲಿ ನಡೆದದ್ದರಿಂದ ಊರಿಗೆ ಗೊತ್ತಿಲ್ಲ. ಎರಡನೆಯದು ಸೊರಬ ತಾಲ್ಲೂಕಿನ ಜಡೆಯ ಹತ್ತಿರ ಬಟಾಬಯಲಲ್ಲೇ ನಡೆಯಿತು.

ಬಚ್ಚಲಿನದನ್ನು ಮೊದಲು ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಚೀಲಕ್ಕೆ ಭತ್ತದ ಹುಲ್ಲು ತುಂಬಿ, ನಡುನಡುವೆ ಅಣಬೆ ಬೀಜ ಉದುರಿಸಿ ನೇತುಹಾಕಿದರೆ ಗೊಂಚಲು ಗೊಂಚಲಾಗಿ ಅಣಬೆ ಬರುತ್ತದೆಂದು ಮೊಬೈಲಿನಲ್ಲಿ ಒಬ್ಬಾತ ತೋರಿಸಿದ. ಹುಲ್ಲನ್ನು ಮೊದಲು ಕುದಿಸಬೇಕು ಎಂದೂ ಹೇಳಿದ್ದನಂತೆ. ಆ ಭಾಗ ಬರುವ ಹೊತ್ತಿಗೆ ನಾನು ಹುಲ್ಲು ತರಲು ಹೊರಟಾಗಿತ್ತು. ಹದಿನೈದು ದಿನದಲ್ಲಿ ಚೀಲದ ತುಂಬ ಹಚ್ಚಹಸುರು ಬೂಷ್ಟು. ಚೀಲವೋ ತಾನೋ, ಇಬ್ಬರಲ್ಲಿ ಒಬ್ಬರು ಮಾತ್ರ ಈ ಮನೆಯಲ್ಲಿರಬೇಕು ಎಂದು ನನ್ನ ಹೆಂಡತಿ ತಿಳಿಸಿದಳು. ಚೀಲ ತಿಪ್ಪೆ ಸೇರಿತು.

ಬೆಳೆಸುವುದು ಬಿಟ್ಟು ಹುಡುಕುವುದಕ್ಕೆ ಇಳಿದೆ. ಉದ್ಯೋಗದಲ್ಲಿ ನಾನು ಭೂಮಾಪಕ. ಮುಳ್ಳುಕಂಟಿಯೊಳಗೆ ಹೂತುಹೋದ ಗಡಿಯ ಬಾಂದುಕಲ್ಲನ್ನೇ ಪತ್ತೆ ಹಚ್ಚುವವನಿಗೆ ಕೊಡೆ ಬಿಚ್ಚಿ ನಿಂತ ಅಣಬೆ ಕಾಣದೇ ಎಂಬ ಧೈರ್ಯ. ಕಾಣಲಿಲ್ಲ. ಕಂಡ ಒಂದೆರಡೂ ತಿನ್ನುವಂಥವೋ ವಿಷವೋ ತಿಳಿಯಲಿಲ್ಲ. ತಾಳಗುಂದದ ಹಳೆಯ ಶಾಸನದ ಕಲ್ಲುಕಂಬದ ಮುಂದೆ ನಿಂತು ಒಮ್ಮೆ ಸಿಟ್ಟೂ ಬಂತು. ರಾಜರ ವಂಶಾವಳಿಯನ್ನು ಅಷ್ಟು ಚೆಂದವಾಗಿ ಕೊರೆಸಿದವರು, ತಿನ್ನುವ ಅಣಬೆ ಯಾವುದು, ಎಲ್ಲಿ ಏಳುತ್ತದೆ ಎಂದು ಒಂದು ಸಾಲು ಸೇರಿಸಬಾರದಿತ್ತೇ?

ಕೊನೆಗೆ ಕೈಹಿಡಿದವರು ಜಡೆ ಕಡೆಯ ಕೆರಿಯಮ್ಮ. ಗದ್ದೆಯ ಹಿಸ್ಸೆ ಅಳೆಯಲು ಹೋದಾಗ ಪರಿಚಯವಾದ, ಎಪ್ಪತ್ತು ದಾಟಿದ ಹೆಂಗಸು. ನನ್ನ ಗೋಳು ಕೇಳಿ, ಗುಡುಗು ಮಳೆಯಾದ ಮಾರನೆಯ ಬೆಳಿಗ್ಗೆ ಒಂದು ಹುತ್ತದ ಬಳಿಗೆ ಕರೆದೊಯ್ದರು. ಬುಡದಲ್ಲಿ ಬಿಳಿ ಮೊಗ್ಗುಗಳು. ಅಗೋ ಎಂದು ನಾನು ಕೈ ಚಾಚಿದ್ದೇ ತಡ, ನನ್ನ ಬೆರಳನ್ನು ಹಿಡಿದು ಮಡಿಸಿಬಿಟ್ಟರು. ಮೊಗ್ಗಿಗೆ ಬೆರಳು ತೋರಿಸಿದರೆ ಕೊಳೆಯುತ್ತವಂತೆ. ಬೆರಳು ತೋರಿಸುವುದೇ ಕಸುಬಾದವನಿಗೆ ಇದು ಕಷ್ಟದ ಕಟ್ಟಳೆ. ಅರಳಿದ್ದವನ್ನು ಒಂದು ಹಿಡಿ ಕಿತ್ತುಕೊಟ್ಟು ಹೇಳಿದರು:

“ಈ ಜಾಗ ಯಾರ ಹತ್ರನೂ ಹೇಳ್ಬೇಡಿ ಮತ್ತೆ. ನಮ್ ಮಗಳಿಗೂ ಹೇಳಿಲ್ಲ ನಾನು.”

ದೇವರಾಣೆ ಹೇಳುವುದಿಲ್ಲ ಎಂದೆ.

ಆ ಅಣಬೆಯನ್ನು ಹೆಂಡತಿ ಹುರಿದು ಮೊದಲು ನನಗೆ ಬಡಿಸಿದಳು. ಒಂದಿಡೀ ಧಾರಾವಾಹಿ ಮುಗಿಯುವ ತನಕ ಕಾದು, ನಾನಿನ್ನೂ ಎಂದಿನಂತೆ ಮಾತಾಡುತ್ತಿದ್ದೇನೆಂದು ಖಾತ್ರಿಯಾದ ಮೇಲೆ ತಾನೂ ತಿಂದಳು. ತಿಂದು, ಬಚ್ಚಲಿನ ಚೀಲವನ್ನು ಕ್ಷಮಿಸಿದಳು. ಅಂಥ ರುಚಿ.

ಎಡವಟ್ಟಾದದ್ದು ಆಮೇಲೆ. ಪ್ಯಾಂಟಿನ ಸೊಂಟ ಸಡಿಲ ಮಾಡಿಸಲೆಂದು ಗೆಳೆಯ ಜಬ್ಬಾರ್ ಭಾಯಿಯ ಟೈಲರ್ ಅಂಗಡಿಯಲ್ಲಿ ಕೂತಿದ್ದೆ. ಅಣಬೆಯ ಮಾತು ಬಂತು. ನಾನೇ ತಂದೆ. ಮಿಷನ್ನಿನಿಂದ ತಲೆ ಎತ್ತದೆ ಅವರು, “ಎಲ್ಲೈತ್ರೀ ಅದು?” ಎಂದರು. ಹೇಳುವಂತಿಲ್ಲ ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಯಾರಾದರೂ ಜಾಗ ಎಲ್ಲಿ ಎಂದು ಕೇಳಿದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಜಡೆ ಹತ್ತಿರ, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಮತ್ತಿಮರ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಕೆರಿಯಮ್ಮನ ಗದ್ದೆ, ಬಾಂದುಕಲ್ಲಿನಿಂದ ನನ್ನ ಹೆಜ್ಜೆಯಲ್ಲಿ ಹನ್ನೆರಡು ಹೆಜ್ಜೆ. ಹೀಗೆ ಪೂರಾ ಚೆಕ್ಕುಬಂದಿ ಒಪ್ಪಿಸಿ ಮುಗಿಸಿದಾಗ, ಬಟ್ಟೆಗಾಗಿ ಕಾಯುತ್ತಿದ್ದ ಮೂವರೂ ಸ್ಟೂಲು ನನ್ನ ಹತ್ತಿರಕ್ಕೆ ಎಳೆದುಕೊಂಡಿದ್ದರು. ನನ್ನ ವೃತ್ತಿಜ್ಞಾನಕ್ಕೆ ಸಲ್ಲಿಸಿದ ಗೌರವ ಎಂದುಕೊಂಡೆ.

ಭಾನುವಾರ ಹೋಗಿ ನೋಡಿದರೆ ಹುತ್ತದ ಪಕ್ಕ ಎರಡು ಬೈಕು. ಅಂಗಡಿಯಲ್ಲಿದ್ದ ಆ ಮೂವರೂ ಬಗ್ಗಿ ಕೀಳುತ್ತಿದ್ದಾರೆ. ಜಬ್ಬಾರ್ ಭಾಯಿ ಕೊರಳಲ್ಲಿ ಟೇಪು ಹಾಕಿಕೊಂಡು ನಿಂತಿದ್ದಾರೆ. ಬಾಂದುಕಲ್ಲಿನಿಂದ ಅಳೆದು ಜಾಗ ಹಿಡಿದವರು ಅವರೇ. ಇಷ್ಟು ವರ್ಷ ಪ್ಯಾಂಟು ಹೊಲಿದವರಿಗೆ ನನ್ನ ಹೆಜ್ಜೆಯ ಉದ್ದ ಗೊತ್ತಿರದೇ ಇರುತ್ತದೆಯೇ? ನನ್ನನ್ನು ಕಂಡು, ಬನ್ನಿ ಬನ್ನಿ ಎಂದು ತಮ್ಮ ಮನೆಗೆ ಬಂದ ನೆಂಟನಂತೆ ಕರೆದರು.

ಹೆತ್ತ ಮಗಳಿಗೂ ಹೇಳದ ಜಾಗವನ್ನು ಆ ಮುದುಕಿ ನನ್ನನ್ನು ನಂಬಿ ತೋರಿಸಿದ್ದರು. ನಿಜಕ್ಕೂ ನಾಚಿಕೆಯಾಯಿತು. ಇನ್ನು ಅವರ ಅಂಗಳ ತುಳಿಯುವ ಮುಖ ನನಗಿಲ್ಲ ಅನ್ನಿಸಿದರೂ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎಂದು ನೇರ ಅವರ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಕೆರಿಯಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಹೋಗ್ಲಿ ಬಿಡಿ ಸಾಹೇಬ್ರೆ. ಅದು ತೋರ್ಸೋ ಹುತ್ತ. ತಿನ್ನೋ ಹುತ್ತ ಬೇರೆ ಅದೆ.”

ತಾಳಗುಂದದವರ ಮೇಲಿನ ಸಿಟ್ಟು ಆ ಗಳಿಗೆಯಲ್ಲೇ ಇಳಿಯಿತು. ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದವರು ಯಾರೂ ಇದನ್ನು ಕಲ್ಲಿನ ಮೇಲೆ ಬರೆಸುವುದಿಲ್ಲ.

ಬಿಸಿ ಅಕ್ಕಿರೊಟ್ಟಿಯ ಜೊತೆ ತಟ್ಟೆಗೆ ಅಣಬೆ ಪಲ್ಯವೂ ಬಂತು. ಆ ಬೆಳಿಗ್ಗೆಯೇ ಕಿತ್ತದ್ದಂತೆ. ಕೆರಿಯಮ್ಮನ ಪಾದಕ್ಕೆ ಅಂಟಿದ ಮಣ್ಣು ನೋಡಿದರೆ ಅದು ಯಾವ ಗುಡ್ಡದ್ದೆಂದು ನಾನು ಹೇಳಬಲ್ಲೆ. ನೋಡಲಿಲ್ಲ. ಯಾವ ದಿಕ್ಕಿನಿಂದ ತಂದಿರಿ ಎಂದು ಕೇಳಲು ಬಾಯಿ ಮಾತ್ರ ತನ್ನಷ್ಟಕ್ಕೆ ತೆರೆದುಕೊಂಡಿತು. ಅದಕ್ಕೊಂದು ತುತ್ತು ಇಟ್ಟು ಮುಚ್ಚಿದೆ.